ತಾಯಿಯ ಮಗ್ಗುಲು



ಈ ಪುಟವನ್ನು ತಿಂಗಳು ತಿಂಗಳೂ ಓದುತ್ತಿರುವ ಸೋದರಿಯೊಬ್ಬರು ಬಂಗಾರಪೇಟೆಯಿಂದ ಒಂದು ಪತ್ರವನ್ನು ಬರೆದಿರುವರು. ಅವರ ಮಡಿಲಿನಲ್ಲಿ ಎರಡು ತಿಂಗಳ ಕೂಸು. ರಾತ್ರಿಯ ಹೊತ್ತು ಅದನ್ನು ತಮ್ಮ ಹಾಸಿಗೆಯಲ್ಲಿಯೇ ಮಲಗಿಸಿಕೊಳ್ಳಬೇಕೋ ಬೇರೆ ಮಲಗಿಸಬೇಕೋ ಎಂಬ ವಿಷಯದಲ್ಲಿ ಮನೆಯೊಳಗೆ ಎರಡು ಪಕ್ಷಗಳಾಗಿವೆಯಂತೆ. "ತಾಯಿಯ ಮಗ್ಗುಲಿನಿಂದ ಕೂಸನ್ನು ಕೀಳುವುದುಂಟೆ?" ಎಂದು ಅತ್ತೆಯವರ ವಾದ, "ಒಂದೇ ಹಾಸಿಗೆ ಕೂಡದು" ಎಂದು ವೈದ್ಯರ ಕಟ್ಟಪ್ಪಣೆ. "ಇಬ್ಬರೂ ನನ್ನ ಕೂಸಿನ ಮೇಲಿನ ಅಕ್ಕರೆಯಿಂದಲೇ ಹೇಳುವರು. ನಡುವೆ ನನಗೆ ಇದ್ದ ಅರೆನಿದ್ದೆಯೂ ಹೋಯಿತು. ತಾವು ಹಿರಿಯರು, ಏನು ಹೇಳುವಿರಿ?" ಎಂದು ಅವರು ಕೇಳಿರುವರು.

ನಾನು ವೈದ್ಯನಲ್ಲ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳಿಗೆ ಸಂಸ್ಕೃತವನ್ನು ಪಾಠ ಹೇಳಿ, ಸುಣ್ಣದ ಕಡ್ಡಿಯ ಪುಡಿಯನ್ನು ಕೊಡವಿಕೊಂಡು ಮನೆಗೆ ಬಂದ ಉಪಾಧ್ಯಾಯನು. ಶಬ್ದರೂಪದಲ್ಲಿ ಸಂದೇಹ ಬಂದವರಿಗೆ ನಾನು ಧೈರ್ಯವಾಗಿ ಉತ್ತರ ಕೊಡಬಲ್ಲೆನು. ಕೂಸಿನ ಉಸಿರಿನ ವಿಷಯದಲ್ಲಿ ಮಾತನಾಡುವುದಕ್ಕೆ ಅಂಜಿಕೆಯಾಗುವುದು. ಆದರೂ ಎರಡು ಕಾರಣಗಳಿಂದ ಈ ಸಲದ ಪುಟವನ್ನು ಇದಕ್ಕೇ ಮೀಸಲಿಡುತ್ತಿದ್ದೇನೆ. ಇದೇ ಪ್ರಶ್ನೆಯು ಕಳೆದ ಮಾಗಿಯಲ್ಲಿ ನಂದಿದುರ್ಗದ ನಮ್ಮ ಮನೆಯಲ್ಲಿಯೂ ಎದ್ದು, ಒಂದು ರಾತ್ರಿ ನಮ್ಮೆಲ್ಲರ ಎದೆಯನ್ನು ನಡುಗಿಸಿತು. ಇದು ಮೊದಲನೆಯ ಕಾರಣ. ಎರಡನೆಯದು ಒಂದು ಹಳೆಯ ಸಾಲ. ಅದನ್ನು ಕಡೆಯಲ್ಲಿ ಹೇಳುವೆನು.

ನನ್ನ ಮಗಳು ಚೊಚ್ಚಲ ಬಾಣಂತನಕ್ಕೆ ತೌರಿಗೆ ಬಂದಿದ್ದಳು. ನಮ್ಮ ಗಣಿಪ್ರದೇಶವು ಸಮುದ್ರಮಟ್ಟಕ್ಕೆ 800 ಮೀಟರಿಗಿಂತಲೂ ಎತ್ತರದಲ್ಲಿರುವುದರಿಂದ ಧನುರ್ಮಾಸದ ಚಳಿಯು ಮೈ ಕೊರೆಯುವಂತಿರುತ್ತದೆ. ಸೈನೈಡು ದಿಬ್ಬಗಳ ಕಡೆಯಿಂದ ಗಾಳಿ ಬೀಸಿತೆಂದರೆ ನುಣ್ಣನೆಯ ಧೂಳು ಕಿಟಕಿಯ ಸಂದಿನಲ್ಲಿಯೂ ನುಗ್ಗುವುದು. ಆದುದರಿಂದ ನಮ್ಮ ಮನೆಯಾಕೆಯು ಬಾಣಂತಿಯ ಕೋಣೆಯನ್ನು ಕೋಟೆಯಂತೆ ಭದ್ರಪಡಿಸಿದಳು. ಕಿಟಕಿಯನ್ನು ಮುಚ್ಚಿ ಸಂದಿಗೆ ಬಟ್ಟೆಯನ್ನು ತುರುಕಿದ್ದಾಯಿತು. ಮಂಚದ ಬಳಿಯಲ್ಲಿ ಕೆಂಡದ ಅಗ್ಗಿಷ್ಟಿಕೆ, ಸಂಜೆ ಸಾಂಬ್ರಾಣಿಯ ಹೊಗೆ, ಕೂಸಿನ ತಲೆಯ ಕೆಳಗೆ ಸಾಸಿವೆಯ ದಿಂಬು, ಮೇಲೆ ಎರಡು ಪದರ ಹೊದಿಕೆ, ತಲೆಗೆ ಕುಲಾವಿ, ಕೊರಳಿಗೆ ದೃಷ್ಟಿಯ ಕರಿದಾರ. ಇವೆಲ್ಲವೂ ಅವಳಿಗೆ ಅವಳ ತಾಯಿಯಿಂದ ಬಂದ ವಿದ್ಯೆ.

"ಅಮ್ಮ, ದಿಂಬು ಬೇಡವೆಂದು ಡಾಕ್ಟರು ಹೇಳಿದ್ದಾರೆ. ಪಾಪುವನ್ನು ಬೇರೆ ಹಾಸಿಗೆಯಲ್ಲಿ ಮಲಗಿಸಬೇಕಂತೆ" ಎಂದು ಮಗಳು.

"ನಿನ್ನನ್ನು ಸಾಕಿದ್ದು ಯಾವ ಡಾಕ್ಟರು?" ಎಂದು ತಾಯಿ.

ನಾನು ಒಂದು ಪುಸ್ತಕವನ್ನು ಮುಖಕ್ಕೆ ಅಡ್ಡಹಿಡಿದು ಸುಮ್ಮನಿದ್ದೆನು. ಗೃಹಸ್ಥರು ಇಂತಹ ಸಮಯದಲ್ಲಿ ಸಾಧಾರಣವಾಗಿ ಮಾಡುವುದು ಇದನ್ನೇ. ಅದು ವಿವೇಕವಲ್ಲ, ಹೇಡಿತನವೆಂದು ಈಗ ಒಪ್ಪಿಕೊಳ್ಳುತ್ತೇನೆ.

ನಮ್ಮ ಅಳಿಯಂದಿರು ಬೆಂಗಳೂರಿನಲ್ಲಿ ಕೆಲಸಕ್ಕಿರುವರು. 2001ರ ಫೆಬ್ರವರಿ 28ರಂದು ಗಣಿಯು ಮುಚ್ಚಿದ ಮೇಲೆ ಈ ಭಾಗದ ಸಾವಿರಾರು ಮಂದಿಯ ಅನ್ನವು ರೈಲಿನ ಮೇಲೆ ನಿಂತಿರುವುದಷ್ಟೆ. ಕೋಳಿ ಕೂಗುವ ಮುನ್ನ ಎದ್ದು ಮಾರಿಕುಪ್ಪಂ ಕಡೆಯ ಬಂಡಿಯನ್ನೋ ಬಂಗಾರಪೇಟೆಯ ಬಂಡಿಯನ್ನೋ ಹಿಡಿದು, ನಿಂತೇ ಹೋಗಿ, ರಾತ್ರಿ ನಿಂತೇ ಬರುವವರಲ್ಲಿ ಅವರೂ ಒಬ್ಬರು. ಒಂದು ಶನಿವಾರ ರಾತ್ರಿ ಕೂಸನ್ನು ನೋಡಲು ಬಂದರು. ಮಗಳು ಎರಡು ರಾತ್ರಿಯಿಂದ ಕಣ್ಣು ಮುಚ್ಚಿರಲಿಲ್ಲ. "ಸ್ವಲ್ಪ ಹೊತ್ತು ನೀನು ಮಲಗು, ನಾನು ಎತ್ತಿಕೊಂಡಿರುತ್ತೇನೆ" ಎಂದು ಹೇಳಿ, ಕೂಸನ್ನು ಎದೆಯ ಮೇಲೆ ಹಾಕಿಕೊಂಡು ನಡುಮನೆಯ ಸೋಫಾದಲ್ಲಿ ಒರಗಿದರು. ಅವರ ಉದ್ದೇಶವು ಎಷ್ಟು ಒಳ್ಳೆಯದು!

ರಾತ್ರಿ ಎರಡು ಗಂಟೆಯ ವೇಳೆಗೆ ನಾನು ನೀರು ಕುಡಿಯಲೆಂದು ಎದ್ದೆನು. ಅಳಿಯಂದಿರು ಕುಳಿತ ಭಂಗಿಯಲ್ಲಿಯೇ ಗಾಢವಾಗಿ ನಿದ್ರಿಸುತ್ತಿದ್ದರು. ಎದೆಯ ಮೇಲೆ ಕೂಸು ಇರಲಿಲ್ಲ. ಅದು ಜಾರಿ, ಅವರ ತೋಳಿಗೂ ಸೋಫಾದ ಮೆತ್ತೆಗೂ ನಡುವಣ ಸಂದಿನಲ್ಲಿ ಇಳಿದಿತ್ತು. ಮುಖವು ಮೆತ್ತೆಗೆ ಒತ್ತಿಕೊಂಡಿತ್ತು. ನಾನು ಎತ್ತಿದೆನು. ಕ್ಷಣಮಾತ್ರ ಏನೂ ಸದ್ದಿಲ್ಲ. ಆ ಕ್ಷಣದ ಉದ್ದವನ್ನು ಅಳೆಯತಕ್ಕ ಮಾನವು ನಾನು ಕಲಿತ ಯಾವ ಗಣಿತದಲ್ಲಿಯೂ ಇಲ್ಲ. ಬಳಿಕ ಕೂಸು ಮುಖವನ್ನು ಸುಕ್ಕಾಗಿಸಿ ಒಮ್ಮೆ ಜೋರಾಗಿ ಅತ್ತಿತು. ಮನೆಯೆಲ್ಲ ಎದ್ದಿತು. ಅಂತಹ ಇಂಪಾದ ಅಳುವನ್ನು ನಾನು ಕೇಳಿದ್ದಿಲ್ಲ.

ಬೆಳಗ್ಗೆ ಮಕ್ಕಳ ವೈದ್ಯರ ಬಳಿಗೆ ನಾವು ನಾಲ್ವರೂ ಹೋದೆವು. ಅವರು ಕೂಸನ್ನು ಪರೀಕ್ಷಿಸಿ ಧೈರ್ಯ ಹೇಳಿದರು, ಬಯ್ಯಲಿಲ್ಲ. ನಾನು ಒಂದು ಗಂಟೆಯವರೆಗೆ ವಿದ್ಯಾರ್ಥಿಯಂತೆ ಕುಳಿತು ಪ್ರಶ್ನೆಗಳನ್ನು ಕೇಳಿದೆನು. ಅನಂತರ ಮಗಳ ಸಹಾಯದಿಂದ ಕೆಲವನ್ನು ಓದಿದೆನು. ನನಗೆ ತಿಳಿದಷ್ಟನ್ನು ಇಲ್ಲಿ ಅರುಹುತ್ತೇನೆ.

ಆರೋಗ್ಯವಾಗಿ ಕಂಡ ಎಳೆಗೂಸು ರಾತ್ರಿ ಮಲಗಿದ್ದುದು ಬೆಳಗಾಗುವಷ್ಟರಲ್ಲಿ ಏಳದೆ ಹೋಗುವ ದುರಂತವು ಎಲ್ಲ ದೇಶಗಳಲ್ಲಿಯೂ ಬಹು ಹಿಂದಿನಿಂದ ಉಂಟು. ಕ್ರೈಸ್ತರ ಹಳೆಯ ಒಡಂಬಡಿಕೆಯಲ್ಲಿ ಸೊಲೊಮೋನ್ ಅರಸನ ನ್ಯಾಯತೀರ್ಮಾನದ ಕಥೆಯನ್ನು ನಮ್ಮ ಗಣಿಯ ಊರಿನಲ್ಲಿ ಅನೇಕರು ಬಲ್ಲರು. ಒಂದು ಮಗುವಿಗಾಗಿ ಇಬ್ಬರು ಹೆಂಗಸರು ಜಗಳವಾಡಿದ ಆ ಕಥೆಯು ಆರಂಭವಾಗುವುದೇ, ಒಬ್ಬಳು ನಿದ್ದೆಯಲ್ಲಿ ತನ್ನ ಕೂಸಿನ ಮೇಲೆ ಹೊರಳಿದ್ದರಿಂದ ಅದು ಸತ್ತಿತೆಂಬ ಮಾತಿನಿಂದ. ಸಾವಿರಾರು ವರ್ಷಗಳ ಕಾಲ ಜನರು ಇಂತಹ ಮರಣಗಳಿಗೆಲ್ಲ ಅದೊಂದೇ ಕಾರಣವನ್ನು ಹೇಳುತ್ತ ಬಂದರು. ತಾಯಿಯ ಮಗ್ಗುಲಿನಲ್ಲಿರದ, ತೊಟ್ಟಿಲಿನಲ್ಲಿ ಒಂಟಿಯಾಗಿ ಮಲಗಿದ ಕೂಸುಗಳೂ ಹಾಗೆಯೇ ಸಾಯುವುದುಂಟೆಂದು ಕಂಡ ಮೇಲೆ ವೈದ್ಯರು ಬೇರೆ ಕಾರಣಗಳನ್ನು ಹುಡುಕಿದರು. ಎಷ್ಟು ಶೋಧಿಸಿದರೂ ಕಾರಣವು ದೊರೆಯದ ಈ ಹಠಾತ್ ಶಿಶುಮರಣಕ್ಕೆ 1969ರಲ್ಲಿ ಒಂದು ಪ್ರತ್ಯೇಕವಾದ ಹೆಸರನ್ನೇ ಕೊಟ್ಟರು. ಇದು ಎರಡರಿಂದ ನಾಲ್ಕು ತಿಂಗಳ ವಯಸ್ಸಿನಲ್ಲಿ ಅತಿ ಹೆಚ್ಚು. ಆರು ತಿಂಗಳು ಕಳೆದ ಮೇಲೆ ಬಹಳ ಕಡಮೆ.

ಪೂರ್ಣ ಕಾರಣವು ಇಂದಿಗೂ ತಿಳಿದಿಲ್ಲವಾದರೂ ಅಪಾಯವನ್ನು ತಗ್ಗಿಸುವ ಮಾರ್ಗವು ತಿಳಿಯಿತು. ಅದು ಬೆರಗಾಗುವಷ್ಟು ಸುಲಭವಾದುದು: ಕೂಸನ್ನು ಬೆನ್ನಿನ ಮೇಲೆ, ಅಂಗಾತವಾಗಿ ಮಲಗಿಸುವುದು. ಇಂಗ್ಲೆಂಡಿನಲ್ಲಿ 1991ರಲ್ಲಿಯೂ ಅಮೆರಿಕದಲ್ಲಿ 1994ರಲ್ಲಿಯೂ ಈ ಮಾತನ್ನು ಮನೆಮನೆಗೆ ಮುಟ್ಟಿಸಿದರು. ಕೆಲವೇ ವರ್ಷಗಳಲ್ಲಿ ಇಂತಹ ಮರಣಗಳು ಅರ್ಧಕ್ಕಿಂತಲೂ ಕಡಮೆಯಾದುವು. ಔಷಧವಿಲ್ಲ, ಯಂತ್ರವಿಲ್ಲ, ಖರ್ಚಿಲ್ಲ, ಮಗ್ಗುಲು ಬದಲಿಸಿದ್ದಷ್ಟೆ.

"ಅಂಗಾತ ಮಲಗಿಸಿದರೆ ಕಕ್ಕಿದ ಹಾಲು ನೆತ್ತಿಗೆ ಹತ್ತುವುದಿಲ್ಲವೆ?" ಎಂದು ನಮ್ಮ ಮನೆಯಾಕೆಯು ವೈದ್ಯರನ್ನು ಕೇಳಿದಳು. ಇದು ಎಲ್ಲ ಅಜ್ಜಿಯರ ಪ್ರಶ್ನೆ. ಕೂಸು ಅಂಗಾತವಾಗಿರುವಾಗ ಉಸಿರಿನ ನಾಳವು ಮೇಲೆ, ಅನ್ನನಾಳವು ಅದರ ಕೆಳಗೆ ಇರುವುದು. ಕಕ್ಕಿದ ಹಾಲು ಉಸಿರಿನ ನಾಳವನ್ನು ಸೇರಬೇಕಾದರೆ ಮೇಲಕ್ಕೆ ಏರಬೇಕು. ಬೋರಲಾಗಿ ಮಲಗಿಸಿದಾಗ ಸ್ಥಾನವು ತಿರುಗುಮುರುಗಾಗುವುದು. ಆದುದರಿಂದ ಆರೋಗ್ಯವಂತ ಶಿಶುವಿಗೆ ಅಂಗಾತವೇ ಕ್ಷೇಮ. ಒರಗಿಸಿ ಮಲಗಿಸಿದ ಕೂಸು ಬೋರಲಿಗೆ ಉರುಳಬಹುದಾದುದರಿಂದ ಒಂದು ಮಗ್ಗುಲಾಗಿ ಮಲಗಿಸುವುದೂ ಬೇಡ. ಎಚ್ಚರವಾಗಿರುವ ಹೊತ್ತಿನಲ್ಲಿ, ದೊಡ್ಡವರ ಕಣ್ಣೆದುರಿಗೆ, ಬೋರಲು ಹಾಕಿ ಆಡಿಸಬೇಕು. ಕತ್ತು ಬಲಿಯಲು ಅದು ಬೇಕು. ಕೂಸು ತಾನಾಗಿಯೇ ಎರಡು ಕಡೆಗೂ ಹೊರಳಲು ಕಲಿತ ಮೇಲೆ, ಅಂಗಾತ ಮಲಗಿಸಿದ್ದುದು ನಿದ್ದೆಯಲ್ಲಿ ಮಗುಚಿಕೊಂಡರೆ ಮತ್ತೆ ಮತ್ತೆ ತಿರುಗಿಸಬೇಕಾದುದಿಲ್ಲ.

ಇನ್ನು ಹಾಸಿಗೆಯ ವಿಷಯ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 2022ರಲ್ಲಿ ಹೊರಡಿಸಿದ ಸೂಚನೆಯಂತೆ, ಮೊದಲ ಆರು ತಿಂಗಳಾದರೂ ಕೂಸು ತಂದೆತಾಯಿಗಳ ಕೋಣೆಯಲ್ಲಿಯೇ, ಅವರ ಹಾಸಿಗೆಗೆ ಹತ್ತಿರವಾಗಿ, ಆದರೆ ತನ್ನದೇ ಆದ ಚಪ್ಪಟೆಯಾದ ಗಟ್ಟಿ ಹಾಸಿಗೆಯಲ್ಲಿ ಮಲಗತಕ್ಕದ್ದು. ಸ್ತನ್ಯಪಾನದ ವಿಷಯದಲ್ಲಿ ತಜ್ಞರಾದ ವೈದ್ಯರ ಅಕಾಡೆಮಿಯು 2020ರಲ್ಲಿ ಪ್ರಕಟಿಸಿದ ಸೂಚನೆಯು ಸ್ವಲ್ಪ ಬೇರೆ ದಾರಿಯನ್ನು ಹಿಡಿಯುವುದು. ಮೊಲೆಯೂಡುವ ತಾಯಿಯು ಕೂಸಿನೊಡನೆ ಮಲಗುವುದು ಲೋಕಸ್ವಭಾವ. ಅಪಾಯದ ಸಂದರ್ಭಗಳು ಯಾವುವೆಂದು ತಿಳಿಸಿ, ಅವು ಇಲ್ಲದ ಕಡೆ ಸುರಕ್ಷಿತವಾಗಿ ಮಲಗುವ ಕ್ರಮವನ್ನು ಕಲಿಸಬೇಕೆಂದು ಅವರ ಅಭಿಪ್ರಾಯ. ಎರಡು ಪಕ್ಷಗಳೂ ಒಪ್ಪಿರುವ ಮಾತುಗಳೇ ಹೆಚ್ಚು, ಮತ್ತು ನಮ್ಮ ಸೋದರಿಯರಿಗೆ ಬೇಕಾದುವು ಅವೇ: ಕೂಸನ್ನು ಬೇರೆ ಕೋಣೆಗೆ ಹಾಕಬೇಡಿರಿ, ಅಂಗಾತ ಮಲಗಿಸಿರಿ, ಮೊಲೆಹಾಲನ್ನು ಕೊಡಿರಿ, ಮೆತ್ತನೆಯ ವಸ್ತುಗಳನ್ನು ದೂರವಿಡಿರಿ, ಸೋಫಾದಲ್ಲಿಯೂ ಒರಗು ಕುರ್ಚಿಯಲ್ಲಿಯೂ ಕೂಸಿನೊಡನೆ ಎಂದೆಂದಿಗೂ ನಿದ್ರಿಸಬೇಡಿರಿ.

ಈ ಕಡೆಯ ಮಾತನ್ನು ನಾನು ಇನ್ನೊಮ್ಮೆ ಹೇಳಬೇಕು. ತಾಯಿಯ ಹಾಸಿಗೆಗೆ ಹೆದರಿ, ಮೊಲೆಯೂಡಲೆಂದು ರಾತ್ರಿ ಸೋಫಾದಲ್ಲಿ ಹೋಗಿ ಕುಳಿತು, ಅಲ್ಲಿಯೇ ತೂಕಡಿಸುವುದು ಹಾಸಿಗೆಗಿಂತ ಬಹುಪಾಲು ಅಪಾಯಕರ. ಮೆತ್ತೆಯ ಸಂದು ಎಳೆಗೂಸಿಗೆ ಹಳೆಯ ಗಣಿಯ ಕುಸಿದ ಗುಂಡಿಯಂತೆ. ನಿದ್ದೆ ಬರಬಹುದೆಂಬ ಶಂಕೆಯಿದ್ದರೆ, ಅಚ್ಚುಕಟ್ಟಾಗಿ ಸಿದ್ಧಪಡಿಸಿದ ಹಾಸಿಗೆಯಲ್ಲಿ ಮಲಗಿಯೇ ಹಾಲೂಡುವುದು ಮೇಲು. ಎಚ್ಚರವಾದ ಕೂಡಲೆ ಕೂಸನ್ನು ಅದರ ಸ್ಥಳದಲ್ಲಿ ಮಲಗಿಸಬೇಕು.

ಕೆಲವು ಸಂದರ್ಭಗಳಲ್ಲಿ ಒಂದೇ ಹಾಸಿಗೆಯು ಸರ್ವಥಾ ಸಲ್ಲದು. ಕೂಸು 37 ವಾರಗಳಿಗೆ ಮೊದಲೇ ಹುಟ್ಟಿದ್ದರೆ, ಅಥವಾ ಹುಟ್ಟುವಾಗ ಅದರ ತೂಕವು 2.5 ಕಿಲೋಗ್ರಾಮಿಗಿಂತ ಕಡಮೆಯಿದ್ದರೆ. ತಂದೆತಾಯಿಗಳಲ್ಲಿ ಒಬ್ಬರಾದರೂ ಬೀಡಿ ಸಿಗರೇಟು ಸೇದುವವರಾಗಿದ್ದರೆ, ಹೊರಗೆ ಹೋಗಿ ಸೇದಿ ಬಂದರೂ. ಹಾಸಿಗೆಯಲ್ಲಿರುವವರು ಮದ್ಯವನ್ನು ಕುಡಿದಿದ್ದರೆ, ಅಥವಾ ನೆಗಡಿಗೋ ನೋವಿಗೋ ನಿದ್ದೆ ಬರಿಸುವ ಔಷಧವನ್ನು ತೆಗೆದುಕೊಂಡಿದ್ದರೆ. ಎಬ್ಬಿಸಿದರೂ ಏಳದಷ್ಟು ದಣಿದಿದ್ದರೆ. ಈ ರಾತ್ರಿಗಳಲ್ಲಿ ಕೂಸು ಅದೇ ಕೋಣೆಯಲ್ಲಿ, ತನ್ನ ಹಾಸಿಗೆಯಲ್ಲಿ ಇರಲಿ. ಅಜ್ಜಿಯು ಒಂದು ಸರದಿ ಎಚ್ಚರವಿರಲಿ. ಅಜ್ಜನೂ ಒಂದು ಸರದಿ ಇರಲಿ. ಗಣಿಯಲ್ಲಿ ಮೂರು ಪಾಳಿಯ ಕ್ರಮವನ್ನು ಕಂಡವರು ನಾವು. ಬಾಣಂತಿಯ ಕೋಣೆಯಲ್ಲಿ ಎರಡು ಪಾಳಿಗಾದರೂ ಜನ ದೊರೆಯಬಾರದೆ?

ಮೇಲೆ ಹೇಳಿದ ದೋಷಗಳಾವುವೂ ಇಲ್ಲದೆ, ತಾಯಿಯೂ ಕೂಸೂ ಒಟ್ಟಿಗೆ ಮಲಗುವುದಾದರೆ ಹಾಸಿಗೆಯು ಹೇಗಿರಬೇಕು? ಕುಗ್ಗಿದ ನವಾರಿನ ಮಂಚವೂ ಹೂತುಹೋಗುವ ಮೆತ್ತೆಯೂ ಬೇಡ. ನಡುವೆ ಗುಣಿ ಬಿದ್ದು ಕೂಸು ತಾಯಿಯ ಕಡೆಗೆ ಉರುಳುವುದು. ನೆಲದ ಮೇಲೆ ಚಾಪೆಯನ್ನು ಹರಡಿ, ತೆಳುವಾದ ಗಟ್ಟಿ ಹಾಸಿಗೆಯನ್ನು ಬಿಗಿಯಾದ ಹೊದಿಕೆಯೊಡನೆ ಹಾಸುವ ನಮ್ಮ ಹಿಂದಿನ ಪದ್ಧತಿಯು ಈ ವಿಷಯದಲ್ಲಿ ಬಲು ಒಳ್ಳೆಯದು; ಬೀಳುವ ಭಯವಿಲ್ಲ. ಆದರೆ ಗೋಡೆಗೂ ಹಾಸಿಗೆಗೂ ನಡುವೆ ಕೂಸು ಸಿಕ್ಕಿಕೊಳ್ಳುವಂತಹ ಸಂದು ಇರಕೂಡದು. ಸಾಸಿವೆಯ ದಿಂಬನ್ನೂ ಸೇರಿಸಿ ಯಾವ ದಿಂಬೂ ಕೂಸಿಗೆ ಬೇಡ. ತಾಯಿಯ ದಿಂಬು ಅವಳ ತಲೆಯ ಕೆಳಗೆ ಮಾತ್ರ ಇರಲಿ. ಕೂಸು ಅವಳ ಎದೆಯ ಮಟ್ಟಕ್ಕೆ ಇರಲಿ. ತಾಯಿಯು ಕೂಸಿನ ಕಡೆಗೆ ಮುಖ ಮಾಡಿ, ಮೊಣಕಾಲನ್ನು ಮಡಿಸಿ, ತೋಳನ್ನು ಕೂಸಿನ ತಲೆಯ ಮೇಲ್ಗಡೆ ಚಾಚಿ ಮಲಗಿದಳೆಂದರೆ ಅವಳ ದೇಹವೇ ಒಂದು ಆವರಣವಾಗುವುದು. ಯಾರೂ ಕಲಿಸದೆಯೇ ಅನೇಕ ತಾಯಂದಿರು ಹೀಗೆ ಮಲಗುವರಂತೆ.

ಕೂಸು ತಂದೆತಾಯಿಗಳ ನಡುವೆ ಇರಬಾರದು; ಹಿರಿಯ ಮಗುವಿನ ಪಕ್ಕದಲ್ಲಿ ಸರ್ವಥಾ ಇರಬಾರದು. ನಾಲ್ಕು ವರ್ಷದ ಅಣ್ಣನಿಗೆ ನಿದ್ದೆಯಲ್ಲಿ ತಮ್ಮನ ನೆನಪಿರುವುದಿಲ್ಲ. ದೊಡ್ಡವರ ಕಂಬಳಿಯು ಕೂಸಿನ ಮುಖದ ಕಡೆಗೆ ಸರಿಯಬಾರದು. ಕೂಸಿಗೆ ಮೈಯುಡುಪಿನಲ್ಲಿಯೇ ಬೆಚ್ಚಗಿರಲಿ. ಒಟ್ಟಿಗೆ ಮಲಗುವಾಗ ಅದನ್ನು ಬಟ್ಟೆಯಲ್ಲಿ ಬಿಗಿದು ಸುತ್ತಬಾರದು, ಕೈಕಾಲುಗಳು ಬಿಡುವಾಗಿರಬೇಕು. ಮನೆಯೊಳಗೆ ಮಲಗುವಾಗ ಕುಲಾವಿಯೂ ಬೇಡ, ಏಕೆಂದರೆ ಎಳೆಗೂಸು ತನ್ನ ಕಾವನ್ನು ಬಹುವಾಗಿ ತಲೆಯ ಮೂಲಕ ಹೊರಗೆ ಬಿಡುವುದು. ಕೈಕಾಲು ತಣ್ಣಗಿದ್ದರೆ ಗಾಬರಿಯಾಗಬಾರದು. ಎದೆಯನ್ನೋ ಕತ್ತಿನ ಹಿಂಭಾಗವನ್ನೋ ಮುಟ್ಟಿನೋಡಬೇಕು. ಅಲ್ಲಿ ಬೆವರಿದ್ದರೆ ಹೊದಿಕೆಯು ಹೆಚ್ಚಾಯಿತೆಂದೇ ಅರ್ಥ. ತಾಯಿಯ ಸಡಿಲವಾದ ಜಡೆ, ಉದ್ದನೆಯ ಸರ, ಕೂಸಿನ ಕೊರಳ ದಾರ ಇವುಗಳನ್ನು ರಾತ್ರಿ ತೆಗೆದಿಡತಕ್ಕದ್ದು. ದೃಷ್ಟಿಯ ದಾರವನ್ನು ಬಿಡಲಾರೆವೆಂಬುವರು ತೊಟ್ಟಿಲಿನ ಕಾಲಿಗೆ ಕಟ್ಟಲಿ. ದೃಷ್ಟಿಗೆ ಅಷ್ಟೂ ಸಾಲದೆ?

ಅಗ್ಗಿಷ್ಟಿಕೆಯ ವಿಷಯವು ಇನ್ನೂ ಗಂಭೀರವಾದುದು. ಮುಚ್ಚಿದ ಕೋಣೆಯಲ್ಲಿ ಕೆಂಡವು ಉರಿದರೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ವಿಷವಾಯು ಹುಟ್ಟುವುದು. ಅದು ತಾಯಿ ಮತ್ತು ಕೂಸು ಇಬ್ಬರನ್ನೂ ನಿದ್ದೆಯಲ್ಲಿಯೇ ಕೊಲ್ಲಬಲ್ಲುದು. ಚಾಂಪಿಯನ್ ರೀಫ್ ಗಣಿಯಲ್ಲಿ 3 ಕಿಲೋಮೀಟರಿಗೂ ಆಳದಲ್ಲಿ ದುಡಿದವರಿಗೆ ಗಾಳಿಯ ದಾರಿಯ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರ ಮನೆಗಳಲ್ಲಿಯೇ ಬಾಣಂತಿಯ ಕಿಟಕಿಗೆ ಬಟ್ಟೆ ತುರುಕುವುದು ಎಂತಹ ವಿಪರೀತ! ಕೆಂಡವನ್ನು ಕೋಣೆಯಲ್ಲಿಟ್ಟು ಮಲಗಬೇಡಿರಿ. ಸಾಂಬ್ರಾಣಿಯ ಹೊಗೆಯಿಂದಲೂ ಕೂಸನ್ನು ದೂರವಿಡಿರಿ.

ಇಷ್ಟು ಕೇಳಿದ ಮೇಲೆ ನಮ್ಮ ಮನೆಯಾಕೆಯು, "ಶಾಸ್ತ್ರದಲ್ಲಿ ಏನಿದೆಯೋ ಅದನ್ನೂ ಹೇಳಿರಿ" ಎಂದಳು. ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯವನ್ನು ತೆಗೆದೆನು. ಕೂಸಿನ ಕೋಣೆಯು ಹೇಗಿರಬೇಕು, ಹಾಸಿಗೆ ಹೊದಿಕೆಗಳು ಹೇಗಿರಬೇಕು ಎಂಬುದನ್ನು ಅಲ್ಲಿ ಬಿಡಿಸಿ ಹೇಳಿದೆ. ಹಾಸಿಗೆಯು ಮೃದುವಾಗಿ, ಹಗುರವಾಗಿ, ಶುಚಿಯಾಗಿ, ಸುವಾಸನೆಯುಳ್ಳದ್ದಾಗಿರಬೇಕು. ಬೆವರು, ಮಲ, ಮೂತ್ರ, ಕ್ರಿಮಿಗಳಿಂದ ಕೆಟ್ಟುದನ್ನು ಬಿಡಬೇಕು. ಬೇರೆ ದೊರೆಯದಿದ್ದರೆ ಅದನ್ನೇ ಚೆನ್ನಾಗಿ ಒಗೆದು, ಧೂಪ ಹಾಕಿ, ಒಣಗಿಸಿ ಉಪಯೋಗಿಸಬೇಕು ಎಂದು ಅದರ ತಾತ್ಪರ್ಯ. ಧೂಪವು ಬಟ್ಟೆಗೆ ಹೊರತು ಕೂಸಿನ ಮೂಗಿಗೆ ಅಲ್ಲವೆಂಬುದನ್ನು ಗಮನಿಸಬೇಕು. "ಹಗುರ" ಎಂಬ ಮಾತು ಹೊದಿಕೆಗೆ ಇಂದಿಗೂ ಸಲ್ಲುವುದು. ಆದರೆ "ಮೃದು" ಎಂಬಲ್ಲಿ ನಾನು ನಿಂತೆನು. ಚರ್ಮಕ್ಕೆ ಒರಟಾಗಿರಬಾರದೆಂದು ಅರ್ಥಮಾಡಿದರೆ ವಿರೋಧವಿಲ್ಲ; ಮೆತ್ತಗೆ ಹೂತುಹೋಗುವಂತಿರಬೇಕೆಂದು ಅರ್ಥಮಾಡಿದರೆ ಇಂದಿನ ವೈದ್ಯರು ಕಂಡುಕೊಂಡುದಕ್ಕೆ ಅದು ವಿರುದ್ಧ. ಮೆತ್ತೆಯಲ್ಲಿ ಮುಖ ಹುದುಗಿದ ಕೂಸು ತಾನು ಬಿಟ್ಟ ಉಸಿರನ್ನೇ ಮತ್ತೆ ಮತ್ತೆ ಎಳೆದುಕೊಳ್ಳುವುದು. ಹಾಗೆ ವಿರೋಧ ಬಂದ ಪಕ್ಷದಲ್ಲಿ ಪ್ರತ್ಯಕ್ಷವನ್ನು ಬಿಟ್ಟು ಅಕ್ಷರವನ್ನು ಹಿಡಿಯುವುದು ಋಷಿಗಳಿಗೆ ಗೌರವವಲ್ಲ. ನೋಡಿ ತಿಳಿದುದನ್ನೇ ಅವರೂ ಬರೆದಿಟ್ಟರು. ಇನ್ನೂ ಹೆಚ್ಚು ನೋಡಿದವರ ಮಾತನ್ನು ಅವರೂ ಕೇಳುತ್ತಿದ್ದರೆಂದು ನನ್ನ ನಂಬಿಕೆ.

ಹಾಗಾದರೆ ಅತ್ತೆಯವರ ಪಕ್ಷವು ಬರಿಯ ಅಜ್ಞಾನವೋ? ಎಂದಿಗೂ ಅಲ್ಲ. ತಾಯಿಯ ಮೈಯ ಬಿಸಿಯೇ ಕೂಸಿಗೆ ಔಷಧವೆಂಬುದನ್ನು ಈ ಕಾಲದ ವೈದ್ಯವೂ ಒಪ್ಪಿದೆ. ದಕ್ಷಿಣ ಅಮೆರಿಕದ ಬೊಗೋಟಾ ನಗರದಲ್ಲಿ 1970ರ ದಶಕದ ಕೊನೆಯಲ್ಲಿ ತೂಕ ಕಡಮೆಯಾದ ಕೂಸುಗಳನ್ನು ತಾಯಿಯ ಬರಿಯ ಎದೆಗೆ ಅಂಟಿಸಿಕೊಂಡು ಸಾಕುವ ಕ್ರಮವು ಆರಂಭವಾಯಿತು. ಕಾಂಗರೂ ಆರೈಕೆಯೆಂದು ಅದಕ್ಕೆ ಹೆಸರು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿಯೂ ಇದನ್ನು ಆಸ್ಪತ್ರೆಯಿಂದ ಮನೆಯವರೆಗೆ ವ್ಯಾಪಕವಾಗಿ ಆಚರಣೆಗೆ ತರುವ ಅಧ್ಯಯನವು ನಡೆಯಿತು. ಆದರೆ ಅದನ್ನು ವೈದ್ಯರು ಕಲಿಸಿದ ಕ್ರಮದಲ್ಲಿ, ಕೂಸಿನ ಮುಖವು ಕಾಣುವಂತೆ, ಬಟ್ಟೆಯಲ್ಲಿ ಭದ್ರವಾಗಿ ಕಟ್ಟಿಕೊಂಡು ಮಾಡುವುದು. ಸೋಫಾದಲ್ಲಿ ಒರಗಿ ಮೈಮರೆಯುವುದು ಅದಲ್ಲ.

ಎರಡು ಪಕ್ಷಗಳನ್ನೂ ಒಂದುಗೂಡಿಸಿದ ಉಪಾಯವೊಂದು ದೂರದ ನ್ಯೂಜಿಲೆಂಡಿನಲ್ಲಿದೆ. ಅಲ್ಲಿನ ಮಾವೋರಿ ಜನರೂ ನಮ್ಮಂತೆಯೇ ಕೂಸನ್ನು ಬಿಟ್ಟು ಮಲಗಲಾರರು. 2006ರ ವೇಳೆಗೆ ಅವರು ತಮ್ಮ ನಾಡಿನ ನಾರಿನಿಂದ ವಹಕುರ ಎಂಬ ಚಪ್ಪಟೆಯಾದ ಬುಟ್ಟಿಯನ್ನು ಹೆಣೆದು, ಅದನ್ನು ತಾಯಿಯ ಹಾಸಿಗೆಯ ಮೇಲೆಯೇ ಇಟ್ಟು, ಅದರೊಳಗೆ ಕೂಸನ್ನು ಮಲಗಿಸತೊಡಗಿದರು. ಮೈ ಹತ್ತಿರ, ಜಾಗ ಬೇರೆ. 2017ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಸಾಧಾರಣ ತೊಟ್ಟಿಲಿಗಿಂತ ಅದರಲ್ಲಿ ಹೆಚ್ಚಿನ ಅಪಾಯವೇನೂ ಕಂಡುಬರಲಿಲ್ಲ. ಆರು ತಿಂಗಳಾಗುವಾಗ ಪೂರ್ಣವಾಗಿ ಮೊಲೆಹಾಲನ್ನೇ ಕುಡಿಯುತ್ತಿದ್ದ ಕೂಸುಗಳು ಆ ಗುಂಪಿನಲ್ಲಿ ಹೆಚ್ಚಾಗಿದ್ದುವು.

ಇದನ್ನು ಓದಿ ಹೇಳಿದಾಗ ನಮ್ಮ ಮನೆಯಾಕೆಯು ನಕ್ಕಳು. "ಹುಟ್ಟಿದ ಕೂಸನ್ನು ಮೊರದಲ್ಲಿ ಮಲಗಿಸುವುದನ್ನು ನಮ್ಮವರು ಮೊದಲೇ ಕಂಡಿದ್ದರಲ್ಲ!" ಎಂದಳು. ಮರುದಿನವೇ ಬಿದಿರಿನ ಕೆಲಸದವರ ಬಳಿಗೆ ಹೋಗಿ, ಅಗಲವಾದ, ತಳ ಚಪ್ಪಟೆಯಾದ, ಗೇಣೆತ್ತರದ ಅಂಚಿನ ಒಂದು ಬುಟ್ಟಿಯನ್ನು ಹೆಣೆಯಿಸಿ ತಂದೆವು. ಸಿಬಿರುಗಳನ್ನು ಸವರಿಸಿ, ತೆಳುವಾದ ಗಟ್ಟಿ ಹಾಸನ್ನು ಅಂಚಿಗೆ ಸಂದಿಲ್ಲದಂತೆ ಹೊಲಿದು ಹಾಕಿದಳು. ವೈದ್ಯರಿಗೆ ತೋರಿಸಿ ಒಪ್ಪಿಗೆ ಪಡೆದ ಮೇಲೆ, ನೆಲದ ಹಾಸಿಗೆಯಲ್ಲಿ ಮಲಗಿದ ಮಗಳ ಪಕ್ಕದಲ್ಲಿ ಅದನ್ನಿಟ್ಟೆವು. ಮಗಳು ಕೈ ಚಾಚಿದರೆ ಕೂಸು ಸಿಕ್ಕುವುದು. ಹೊರಳಿದರೆ ಅಂಚು ತಡೆಯುವುದು. ಕೂಸು ಹೊರಳಲು ಕಲಿಯುವವರೆಗೆ ಮಾತ್ರ ಇದರ ಉಪಯೋಗ. ಗಣಿಸಾಲಿನ ತಮಿಳು ಮನೆಗಳಲ್ಲಿ ತೂಳಿಯೆಂದೂ ನಮ್ಮಲ್ಲಿ ಜೋಲಿಯೆಂದೂ ಕರೆಯುವ ಸೀರೆಯ ತೊಟ್ಟಿಲು ಹಗಲು, ಕಣ್ಣೆದುರಿಗೆ, ಅಳು ನಿಲ್ಲಿಸಲು ಸರಿ. ಅದರಲ್ಲಿ ಕೂಸಿನ ಗಲ್ಲವು ಎದೆಗೆ ಬಾಗಿ ಉಸಿರಿನ ದಾರಿಯು ಕಿರಿದಾಗಬಹುದಾದುದರಿಂದ ಇಡೀ ರಾತ್ರಿಗೆ ಅದು ತಕ್ಕುದಲ್ಲ.

ಇನ್ನು ಆ ಹಳೆಯ ಸಾಲ.

1975ರ ಸುಮಾರು. ನನಗೆ ಹತ್ತು ವರ್ಷ. ನನ್ನ ತಂದೆಯವರು ನಂದಿದುರ್ಗದ ಗಣಿಯಲ್ಲಿ ಕೆಲಸಕ್ಕಿದ್ದರು. ಸಾಲುಮನೆಗಳ ನಡುಗೋಡೆಯು ಎಷ್ಟು ತೆಳುವೆಂದರೆ ಪಕ್ಕದವರ ಕೆಮ್ಮು ನಮ್ಮ ಕೆಮ್ಮಿನಂತೆ ಕೇಳುತ್ತಿತ್ತು. ನೆಲದಾಳದಲ್ಲಿ ಬಂಡೆ ಸಿಡಿದರೆ ಎಲ್ಲರ ಮನೆಯ ಪಾತ್ರೆಗಳೂ ಒಟ್ಟಿಗೆ ನಡುಗುತ್ತಿದ್ದುವು; ಅದಕ್ಕಾಗಿಯೇ ನನ್ನ ತಾಯಿಯು ಹಲಗೆಯ ಕೆಳಗೆ ಮಕ್ಕಳನ್ನು ಮಲಗಿಸುತ್ತಿರಲಿಲ್ಲ. ನಮ್ಮಿಂದ ಮೂರನೆಯ ಮನೆಯಲ್ಲಿ ಒಬ್ಬಾಕೆ ಇದ್ದಳು. ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಗಂಡನಿಗೆ ರಾತ್ರಿಯ ಪಾಳಿ. ಒಂದೇ ಕೋಣೆ, ಇಬ್ಬರು ಮಕ್ಕಳು, ಮೂರನೆಯದು ಎಳೆಗೂಸು. ಒಂದು ಬೆಳಗ್ಗೆ ಆ ಮನೆಯಿಂದ ಕೂಗು ಕೇಳಿತು. ಕೂಸು ಏಳಲಿಲ್ಲ. ಯಾವ ವೈದ್ಯರೂ ನೋಡಲಿಲ್ಲ, ಯಾರೂ ಏನನ್ನೂ ವಿಚಾರಿಸಲಿಲ್ಲ. ನಲ್ಲಿಯ ಬಳಿಯಲ್ಲಿ ಮಧ್ಯಾಹ್ನದೊಳಗೆ ತೀರ್ಪಾಯಿತು: "ಮೈಮರೆತು ಮಗ್ಗುಲು ಬಿದ್ದಿದ್ದಾಳೆ."

ಅವಳ ಹಿರಿಯ ಮಗನು ನನ್ನ ಸಹಪಾಠಿ. ಕೆಲವು ದಿನಗಳ ಮೇಲೆ ಗೋಲಿಯಾಟದಲ್ಲಿ ಜಗಳವಾಗಿ, ನಾನು ಬೀದಿಗೆಲ್ಲ ಕೇಳುವಂತೆ ಕೂಗಿದೆನು: "ನಿಮ್ಮಮ್ಮ ಪಾಪುವನ್ನು ಕೊಂದವಳು!" ತಿರುಗಿ ನೋಡಿದರೆ ಅಕ್ಕ ಕೊಡವನ್ನು ಹಿಡಿದು ನಲ್ಲಿಯ ಬಳಿಯಲ್ಲಿ ನಿಂತಿದ್ದಳು. ಒಂದು ಮಾತನ್ನೂ ಆಡಲಿಲ್ಲ. ಕೊಡವನ್ನು ಎತ್ತಿಕೊಂಡು ಒಳಗೆ ಹೋದಳು. ಆ ಸಂಕ್ರಾಂತಿಯಲ್ಲಿ ಎಂದಿನಂತೆ ನಮ್ಮ ಮನೆಗೆ ಪೊಂಗಲನ್ನು ಕಳುಹಿಸಿದಳು. ನಾನು ಅದನ್ನು ತಿಂದೆನು.

ಗಣಿ ಮುಚ್ಚಿದ ಮೇಲೆ ಅವಳು ಮಕ್ಕಳೊಡನೆ ಊರು ಬಿಟ್ಟಳು. ಎಲ್ಲಿರುವಳೋ, ಇರುವಳೋ ಇಲ್ಲವೋ, ನನಗೆ ತಿಳಿಯದು. ಇಪ್ಪತ್ತೈದು ವರ್ಷಗಳಿಗೂ ಮೇಲ್ಪಟ್ಟು ನೆರೆಯಲ್ಲಿದ್ದರೂ "ಅಕ್ಕ, ತಪ್ಪಾಯಿತು" ಎಂಬ ಎರಡು ಮಾತು ನನ್ನ ಬಾಯಿಂದ ಹೊರಡಲಿಲ್ಲ. ಆ ಕೂಸು ಏಕೆ ಸತ್ತಿತೆಂದು ಅಂದು ಯಾರಿಗೂ ಗೊತ್ತಿರಲಿಲ್ಲ, ಇಂದೂ ಯಾರೂ ಹೇಳಲಾರರು. ಮುಚ್ಚಿದ ಕೋಣೆಯ ಹೊಗೆಯೋ, ಜ್ವರವೋ, ಹಠಾತ್ ಮರಣವೋ. ಯಾರೂ ನೋಡದುದನ್ನು ನಾವೆಲ್ಲರೂ ಕಂಡವರಂತೆ ಹೇಳಿದೆವು. ಒಂದು ವೇಳೆ ನಿದ್ದೆಯಲ್ಲಿ ಹೊರಳಿದ್ದೇ ನಿಜವಾದರೂ, ಹಗಲೆಲ್ಲ ದುಡಿದು, ಮೂರು ಮಕ್ಕಳನ್ನು ಒಂದೇ ಚಾಪೆಯಲ್ಲಿ ಮಲಗಿಸಬೇಕಾದವಳ ನಿದ್ದೆಯು ಅಪರಾಧವೆ? ಆ ರಾತ್ರಿ ನಮ್ಮ ಮನೆಯಲ್ಲಿ ನಾನು ಎರಡು ಗಂಟೆಗೆ ಏಳದೆ ಇದ್ದಿದ್ದರೆ, ಬೆಳಗ್ಗೆ ಬೀದಿಯ ಜನರು ನಮ್ಮ ಅಳಿಯಂದಿರನ್ನು ಏನೆನ್ನುತ್ತಿದ್ದರು?

ಆದುದರಿಂದ ಬಂಗಾರಪೇಟೆಯ ಸೋದರಿಗೆ ನನ್ನ ಉತ್ತರವಿಷ್ಟು. ತಾಯೀ, ನಿನ್ನ ಅತ್ತೆಯವರು ಹೇಳುವಂತೆ ಕೂಸು ನಿನ್ನ ಮಗ್ಗುಲಲ್ಲಿರಲಿ. ನಿನ್ನ ವೈದ್ಯ ಹೇಳುವಂತೆ ಅದಕ್ಕೆ ತನ್ನದೇ ಜಾಗವಿರಲಿ. ಒಂದು ತೋಳಿನ ದೂರದಲ್ಲಿ, ಅಂಗಾತವಾಗಿ, ಗಟ್ಟಿ ಹಾಸಿನ ಮೇಲೆ, ದಿಂಬಿಲ್ಲದೆ, ಹೊಗೆಯಿಲ್ಲದೆ ಮಲಗಲಿ. ಈ ಪುಟವನ್ನು ಅತ್ತೆಯವರಿಗೂ ಪತಿಗೂ ಓದಿ ಹೇಳು, ಕಾವಲು ನಿನ್ನೊಬ್ಬಳದಲ್ಲ. ಆಶಾ ಕಾರ್ಯಕರ್ತೆಯು ಕೂಸನ್ನು ನೋಡಲು ಮನೆಗೆ ಬಂದಾಗ ಮಲಗುವ ಸ್ಥಳವನ್ನೂ ತೋರಿಸಿ ಕೇಳು. ಕೂಸು ಉಸಿರಿಗೆ ಒದ್ದಾಡಿದರೆ, ತುಟಿ ನೀಲಿಗಟ್ಟಿದರೆ, ಹಾಲು ಬಿಟ್ಟರೆ, ಎಬ್ಬಿಸಿದರೂ ಮಂಕಾಗಿದ್ದರೆ, ಬೆಳಗಾಗಲೆಂದು ಕಾಯದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಹೋಗು.

ಮತ್ತು ನೆರೆಯಲ್ಲಿ ಯಾರ ಮನೆಗಾದರೂ ಇಂತಹ ದುಃಖವು ಬಂದರೆ, ಕಾರಣವನ್ನು ನಾವು ಹೇಳಹೊರಡಬಾರದು. ಕೊಡವನ್ನು ತುಂಬಿಸಿಕೊಟ್ಟು, ಅವಳ ಮನೆಯವರೆಗೆ ಹೊತ್ತು, ಸುಮ್ಮನೆ ಪಕ್ಕದಲ್ಲಿ ಕುಳಿತು ಬರೋಣ. ನಾನು ಅಂದು ಮಾಡಬೇಕಾಗಿದ್ದುದು ಅಷ್ಟೆ.